ಕಳೆ ಕೀಳಬೇಡಿ, ಇದು ಚೂಡಿಯ ತೋಟ

ತೋಟದ ಕೆಲಸಕ್ಕೆ ಬರುವ ಅಣ್ಣನಿಗೂ ನನಗೂ ಮೂರು ವರ್ಷದಿಂದ ಒಂದೇ ಜಗಳ. ನಾನು ಒಳಗೆ ಎರಡು ದೋಸೆ ಹೊಯ್ದು ಬರುವಷ್ಟರಲ್ಲಿ ಅವರು ಗರಿಕೆಯನ್ನೆಲ್ಲ ಕಿತ್ತು ಗುಡ್ಡೆ ಹಾಕಿರುತ್ತಾರೆ. "ಅಕ್ಕ, ಉಂದು ಪೂರಾ ಕಜವು" ಎನ್ನುತ್ತಾರೆ. ಕಸವೇ ಹೌದು. ಆ ಕಸಕ್ಕಾಗಿಯೇ ಅಂಗಳದ ಇಂಟರ್‌ಲಾಕ್ ಎಬ್ಬಿಸಿದ್ದು ಎಂದು ಎಷ್ಟು ಸಲ ಹೇಳಿದರೂ ಅವರಿಗೆ ನಂಬಿಕೆ ಬರುವುದಿಲ್ಲ.

ಕೊಂಕಣಿಗರಾದ ನಮಗೆ ಶ್ರಾವಣವೆಂದರೆ ಚೂಡಿ. ಆ ತಿಂಗಳ ಶುಕ್ರವಾರ ಮತ್ತು ಭಾನುವಾರ ಸಣ್ಣ ಸಣ್ಣ ಹೂವು, ಚಿಗುರು, ಗರಿಕೆಗಳನ್ನು ಬಾಳೆನಾರಿನಲ್ಲಿ ಹಿಡಿ ಕಟ್ಟಿ ತುಳಸಿಗೆ, ಹೊಸ್ತಿಲಿಗೆ ಇಡುತ್ತೇವೆ; ಹಿರಿಯರಿಗೆ ಕೊಟ್ಟು ನಮಸ್ಕರಿಸಿ, ಒಂದನ್ನು ಮುಡಿಯುತ್ತೇವೆ. ಗುಲಾಬಿ, ಸೇವಂತಿಗೆಗೆ ಇಲ್ಲಿ ದೊಡ್ಡ ಮರ್ಯಾದೆಯಿಲ್ಲ. ಬೇಕಾದದ್ದು ಮಳೆಗೆ ಬೇಲಿ ಬುಡದಲ್ಲಿ ತಾನಾಗಿ ಹುಟ್ಟುವಂಥವು. ಮಾಜ್ರಾ ನಾಂಕುಟ, ಅಂದರೆ ಬೆಕ್ಕಿನ ಉಗುರು. ಕಾಯ್ಳ್ಯಾ ದೊಳೊ, ಅಂದರೆ ಕಾಗೆಯ ಕಣ್ಣು. ಮಂಗಳೂರಿನಲ್ಲಿ ಈಗ ಬೇಲಿಯೂ ಇಲ್ಲ, ಅದರ ಬುಡವೂ ಇಲ್ಲ. ರಥಬೀದಿಗೆ ಹೋಗಿ, ಕಟ್ಟಿಟ್ಟ ಚೂಡಿಯನ್ನು ದುಡ್ಡು ಕೊಟ್ಟು ತರುತ್ತಿದ್ದೆವು. ಅತ್ತೆ ಪ್ರತಿ ಸಲ ಅದನ್ನು ಬಿಚ್ಚಿ ನೋಡಿ, "ಗರಿಕೆ ಇಷ್ಟೇಯಾ?" ಎಂದು ಕೇಳುತ್ತಿದ್ದರು.

ಮೊದಲು ಬಂದ ತೋಟ ವಿನ್ಯಾಸದವರು ತೋರಿಸಿದ ಚಿತ್ರದಲ್ಲಿ ಮೆಕ್ಸಿಕನ್ ಹುಲ್ಲು, ಬಿಳಿ ಕಲ್ಲು, ನೀರು ಸುರಿಸುವ ಬುದ್ಧ ಇದ್ದರು. ಕಾಫಿ ಕೊಟ್ಟು ಕಳಿಸಿದೆ. ಆಮೇಲೆ ಅತ್ತೆಯ ಕೈಗೆ ಆರತಿ ತಟ್ಟೆ ಕೊಟ್ಟು, ಪೂಜೆಯ ದಿನ ನಡೆಯುವ ಹಾಗೆಯೇ ಒಮ್ಮೆ ನಡೆಯಿರಿ ಎಂದೆ. ಅವರು ಹೊಸ್ತಿಲಿನಿಂದ ತುಳಸಿಕಟ್ಟೆಗೆ ಹೋಗಿ, ಸುತ್ತು ಬಂದು, ಬಾವಿಯ ಹತ್ತಿರ ನಿಂತು ಮರಳಿದರು. ಅವರ ಹಿಂದೆಯೇ ರಂಗೋಲಿ ಪುಡಿ ಉದುರಿಸುತ್ತಾ ಹೋದೆ. ನಮ್ಮ ತೋಟದ ನಕ್ಷೆ ಅಷ್ಟೇ. ಆ ಗೆರೆ ದಾರಿಯಾಯಿತು, ಉಳಿದ ಜಾಗ ಗಿಡಕ್ಕೆ. ದಾರಿಯ ಅಂಚಿಗೆ ಹಳೆಮನೆಯ ಹೆಂಚುಗಳನ್ನು ಅರ್ಧ ಹೂತು ನಿಲ್ಲಿಸಿದ್ದೇವೆ. ಕೆಲವದರ ಮೇಲೆ ಬಾಸೆಲ್ ಮಿಷನ್ ಮುದ್ರೆ, 1865 ಎಂಬ ಅಂಕಿ ಇದೆ. ಅದು ಇಲ್ಲೇ ಮಂಗಳೂರಿನ ಜೆಪ್ಪುವಿನಲ್ಲಿ ಮಿಷನ್ನಿನವರ ಹೆಂಚಿನ ಕಾರ್ಖಾನೆ ಶುರುವಾದ ವರ್ಷ, ಹೆಂಚಿನ ಹುಟ್ಟಿದ ವರ್ಷವಲ್ಲ. ಆದರೂ ಬಂದವರು "ಅಬ್ಬಾ, ಇಷ್ಟು ಹಳೆಯದಾ!" ಎಂದಾಗ ನಾನು ತಿದ್ದಲು ಹೋಗುವುದಿಲ್ಲ.

ತಪ್ಪುಗಳೂ ಆದವು. ರತ್ನಗಂಧಿಯನ್ನು ಚಂದಕ್ಕೆಂದು ತುಳಸಿಕಟ್ಟೆಯ ಪಕ್ಕದಲ್ಲೇ ನೆಟ್ಟಿದ್ದೆ. ಅದಕ್ಕೆ ಮುಳ್ಳಿದೆ ಎಂಬುದು ಪ್ರದಕ್ಷಿಣೆ ಹಾಕುತ್ತಿದ್ದ ಅತ್ತೆಯ ಸೆರಗು ಸಿಕ್ಕಿಕೊಂಡಾಗ ನೆನಪಾಯಿತು. ಅದನ್ನು ಕಡಿದು, ಕಾಂಪೌಂಡಿನ ಮೂಲೆಯಲ್ಲಿ ಬೀಜ ಹಾಕಿ ಹೊಸದು ಎಬ್ಬಿಸಿದೆ. ಗೌರಿ ಹೂವಿನ ಬೀಜವನ್ನು ಮೊದಲ ಮಳೆ ಬಿದ್ದ ವಾರವೇ ಚೆಲ್ಲಬೇಕು. ಹೂ ಬಿಡಲು ಹೆಚ್ಚುಕಡಿಮೆ ಎರಡು ತಿಂಗಳು ಬೇಕು. ಮೊದಲ ವರ್ಷ ಚೆಲ್ಲಿದ್ದು ಜುಲೈಯ ಮಳೆಗೆ ನಿಂತ ನೀರಿನಲ್ಲಿ ಕೊಳೆಯಿತು. ಈಗ ಅದರ ಪಾತಿ ಒಂದು ಮುರಕಲ್ಲಿನಷ್ಟು ಎತ್ತರದಲ್ಲಿದೆ. ಶಂಖಪುಷ್ಪಕ್ಕೆ ಏನೂ ಮಾಡಬೇಕಾಗಿಲ್ಲ. ಬಾವಿಯ ರಾಟೆಯ ಕಂಬಕ್ಕೂ ಹತ್ತಿದೆ.

ಚೂಡಿ ಕಟ್ಟುವುದನ್ನು ಅತ್ತೆಯಿಂದಲೇ ನೋಡಬೇಕು. ಎಡಗೈಯ ಹೆಬ್ಬೆರಳು, ತೋರುಬೆರಳಿನ ನಡುವೆ ಮೊದಲು ಗರಿಕೆ, ಅದರ ಮೇಲೆ ಎಲೆ, ಮುಂದಕ್ಕೆ ಬಂದಂತೆ ಗಿಡ್ಡ ತೊಟ್ಟಿನ ಹೂವು. ನೆನೆಸಿದ ಬಾಳೆನಾರಿನ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎರಡು ಸುತ್ತು ಸುತ್ತಿ ಎಳೆದರೆ ಮುಗಿಯಿತು. ನಾನು ಕಟ್ಟಿದ್ದು ಸಂಜೆಗೆ ಸಡಿಲವಾಗುತ್ತದೆ, ಅವರದು ಒಣಗಿದ ಮೇಲೂ ಬಿಗಿಯಾಗಿರುತ್ತದೆ.

ಮಾರ್ಚಿನಲ್ಲಿ ಬಂದವರಿಗೆ ನಮ್ಮ ಅಂಗಳ ಪಾಳುಬಿದ್ದಂತೆ ಕಾಣುತ್ತದೆ. ವರ್ಷಕ್ಕೆ ಎಂಟೊಂಬತ್ತು ಬೆಳಗಿನ ಕೆಲಸಕ್ಕೆ ಇಷ್ಟು ಜಾಗವೇ ಎಂದು ನನ್ನವರೂ ಕೇಳಿದ್ದುಂಟು. ಕಾರು ನಿಲ್ಲಿಸಲು ವರ್ಷವಿಡೀ ಜಾಗ ಕೊಟ್ಟಿಲ್ಲವೇ ಎಂದೆ.

ಮದುವೆಯಾದ ವರ್ಷ ನಾನು ಮುಂಬಯಿಯ ದೊಡ್ಡಮ್ಮನಿಗೆ ಲಕೋಟೆಯಲ್ಲಿ ಚೂಡಿ ಕಳಿಸಿದ್ದೆ. ಕಳೆದ ಶ್ರಾವಣದಲ್ಲಿ ಮದುವೆಯಾದ ಮೇಲೆ ಮಗಳದು ಮೊದಲ ಚೂಡಿ, ಪುಣೆಯಲ್ಲಿ ಹನ್ನೊಂದನೇ ಮಹಡಿ. "ಅಮ್ಮಾ, ಇಲ್ಲಿ ಗರಿಕೆಯೂ ಇಲ್ಲ" ಎಂದಳು. ಐದು ಚೂಡಿ ಕಟ್ಟಿ ಬಾಳೆಎಲೆಯಲ್ಲಿ ಸುತ್ತಿ ಸ್ಪೀಡ್ ಪೋಸ್ಟ್ ಮಾಡಿದೆ. ಮೂರನೇ ದಿನ ಅವಳು ಕಳಿಸಿದ ಫೋಟೋದಲ್ಲಿ ಗೌರಿ ಹೂ ಕಪ್ಪಾಗಿ ಮುದ್ದೆಯಾಗಿತ್ತು, ರತ್ನಗಂಧಿ ಎಸಳು ಉದುರಿಸಿತ್ತು. ಗರಿಕೆ ಮಾತ್ರ ಹಸಿರಾಗಿಯೇ ಇತ್ತು. ಅತ್ತೆ ಫೋಟೋವನ್ನು ದೊಡ್ಡದು ಮಾಡಿ ನೋಡಿ, "ನಾರು ಜಾರಿಲ್ಲ" ಎಂದರು.

ಈ ವರ್ಷ ಗೌರಿ ಹೂವಿನ ಪಾತಿಯನ್ನು ಅರ್ಧಕ್ಕಿಳಿಸಿ, ಗರಿಕೆಗೆ ಇನ್ನೂ ನಾಲ್ಕಡಿ ಬಿಟ್ಟಿದ್ದೇನೆ. ಅಣ್ಣನಿಗೆ ಇನ್ನೂ ಹೇಳಿಲ್ಲ.