ಹಣೆ ಮೇಲಿನ ತಾವ್

ನಿನ್ನೆ ರಾತ್ರಿ ಬೈಬಲ್ಲಿನ 119ನೇ ಕೀರ್ತನೆ ಓದ್ತಾ ಕೂತಿದ್ದೆ. 176 ವಚನ, ಹೀಬ್ರೂವಿನ 22 ಅಕ್ಷರಕ್ಕೂ ಎಂಟೆಂಟು, ಆ ಎಂಟೂ ಅದೇ ಅಕ್ಷರದಿಂದಾನೇ ಶುರು. ಕೊನೇ ಅಕ್ಷರ ತಾವ್. ಈಗಿನ ಲಿಪೀಲಿ ಅದು ಬಾಗಿಲ ಚೌಕಟ್ಟಿನ ಥರ ಕಾಣ್ಸುತ್ತೆ, ಆದ್ರೆ ತುಂಬಾ ಹಳೇ ಹೀಬ್ರೂ ಬರಹದಲ್ಲಿ ಬರೀ ಎರಡು ಗೆರೆ, ಒಂದರ ಮೇಲೊಂದು ಅಡ್ಡ, ಇಂಟು ಮಾರ್ಕ್ ಥರ, ಶಿಲುಬೆ ಥರ.

ಬೈಬಲ್ಲಿನದೇ ಇನ್ನೊಂದು ಪುಸ್ತಕ ಯೆಹೆಜ್ಕೇಲ 9:4ರಲ್ಲಿ, ಜೆರುಸಲೇಮ್‌ನಲ್ಲಿ ನಡೀತಿರೋ ಅಸಹ್ಯ ನೋಡಿ ನರಳಿ ಗೋಳಾಡೋರ ಹಣೆಗೆ ಗುರುತು ಹಾಕು ಅಂತ ದೇವರು ಹೇಳ್ತಾರಲ್ಲ, ಮೂಲದಲ್ಲಿ ಆ 'ಗುರುತು' ಅನ್ನೋ ಪದಾನೇ ತಾವ್! ಮೂರನೇ ಶತಮಾನದಲ್ಲೇ ಕ್ರೈಸ್ತ ಪಂಡಿತ ಒರಿಗೆನ್ ಅದ್ರಲ್ಲಿ ಶಿಲುಬೆ ಕಂಡಿದ್ರು, ಇಟಲಿಯ ಅಸ್ಸಿಸಿ ಊರಿನ ಸಂತ ಫ್ರಾನ್ಸಿಸ್ ಅಂತೂ 1224ರಲ್ಲಿ ತಮ್ಮ ಸಂಗಡಿಗ ಸನ್ಯಾಸಿ ಲಿಯೋಗೆ ಬರ್ಕೊಟ್ಟ ಆಶೀರ್ವಾದದ ಚೀಟಿ ಮೇಲೆ ಅದೇ ಗುರುತು ಹಾಕಿದ್ರು, ಆ ಚರ್ಮದ ಚೂರು ಇವತ್ತಿಗೂ ಅಸ್ಸಿಸೀಲಿದೆ.

ನಂಗೆ ಮನಸ್ಸಿಗೆ ನಾಟಿದ್ದು ಬೇರೆ. ಗುರುತು ಸಿಕ್ಕಿದ್ದು ಗೆದ್ದೋರಿಗಲ್ಲ, ಅತ್ತೋರಿಗೆ. ಚಿಕ್ಕೋಳಿದ್ದಾಗ ಮಲಗೋ ಮುಂಚೆ ಅಮ್ಮ ಹೆಬ್ಬೆರಳಲ್ಲಿ ನನ್ನ ಹಣೆ ಮೇಲೆ ಶಿಲುಬೆ ಎಳೀತಿದ್ರು, ಆಗಷ್ಟೇ ಪಾತ್ರೆ ತೊಳ್ದು ಬಂದ ಕೈ, ಇನ್ನೂ ಒದ್ದೆ ಇರ್ತಿತ್ತು. ರಾತ್ರಿ ಪುಸ್ತಕ ಮುಚ್ಚಿ ಮಗಳ ಹಣೆ ಮೇಲೆ ನಾನೂ ಮೆಲ್ಲಗೆ ಎಳ್ದೆ, ಅವಳಿಗೆ ಎಚ್ಚರಾನೇ ಆಗ್ಲಿಲ್ಲ.