ಗಂಟೆಗೊಂದು ವಿಮಾನಕ್ಕೆ ಹಿಡಿದ ಮೂರು ವರ್ಷ

ಮಿಶಿಗನ್ನಿನಲ್ಲಿ ನಾವಿರುವ ಇಪ್ಸಿಲಾಂಟಿಯ ಪಕ್ಕದಲ್ಲೇ ವಿಲ್ಲೋ ರನ್ ಇದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಫೋರ್ಡ್ ಕಂಪನಿ ಇಲ್ಲಿ ಬಿ-24 ಲಿಬರೇಟರ್ ಬಾಂಬರ್‌ಗಳನ್ನು ತಯಾರಿಸುತ್ತಿತ್ತು. 1944ರಲ್ಲಿ ಹೆಚ್ಚುಕಡಿಮೆ ಗಂಟೆಗೊಂದು ವಿಮಾನ ಹೊರಬರುತ್ತಿತ್ತೆಂದು ಇಲ್ಲಿನವರು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ಆ ಒಂದೇ ವರ್ಷದಲ್ಲಿ ಅಮೆರಿಕ ಸುಮಾರು 96,000 ವಿಮಾನಗಳನ್ನು ಕಟ್ಟಿದರೆ, ಜರ್ಮನಿ ಕಟ್ಟಿದ್ದು 40,000ದಷ್ಟು, ಜಪಾನ್ 28,000ದಷ್ಟು.

ನನಗೆ ಈ ಸಂಖ್ಯೆಗಳಿಗಿಂತ ಮುಖ್ಯವಾಗಿ ಕಾಣುವುದು ಅಲ್ಲಿಗೆ ತಲುಪಲು ಆದ ತಡ. ಕಾರ್ಖಾನೆಯ ಕೆಲಸ ಆರಂಭವಾದದ್ದು 1941ರಲ್ಲಿ. ಲಕ್ಷಗಟ್ಟಲೆ ಕಾರುಗಳನ್ನು ಮಾಡಿದವರಿಗೆ ವಿಮಾನವೇನು ಮಹಾ ಎಂದುಕೊಂಡಿದ್ದರೂ, ಉಕ್ಕಿನ ತಗಡಿಗೆ ರೂಢಿಯಾಗಿದ್ದ ಕೈಗಳು ಅಲ್ಯೂಮಿನಿಯಮ್ಮಿಗೆ ಒಗ್ಗಬೇಕಿತ್ತು, ಸಾವಿರಾರು ಡೈಗಳನ್ನು (ತಗಡಿಗೆ ಆಕಾರ ಕೊಡುವ ಅಚ್ಚುಗಳು) ಮತ್ತು ಜಿಗ್‌ಗಳನ್ನು (ಭಾಗಗಳನ್ನು ಸರಿಯಾದ ಜಾಗದಲ್ಲಿ ಹಿಡಿದಿಡುವ ಚೌಕಟ್ಟುಗಳು) ಹೊಸದಾಗಿ ಮಾಡಬೇಕಿತ್ತು, ವಾಯುಪಡೆಯವರು ನಡುನಡುವೆ ವಿನ್ಯಾಸವನ್ನೇ ಬದಲಿಸುತ್ತಿದ್ದರು. ಸಾಲದ್ದಕ್ಕೆ ವಾಸಕ್ಕೆ ಮನೆ ಸಿಗದೆ ಕೆಲಸಗಾರರು ಬಿಟ್ಟುಹೋಗುತ್ತಿದ್ದರು. ಎರಡು ಸಾಗರಗಳ ಆಚೆಗಿದ್ದ ಅಮೆರಿಕಕ್ಕೆ ಇದನ್ನೆಲ್ಲ ಸರಿಪಡಿಸಿಕೊಳ್ಳುವಷ್ಟು ಕಾಲಾವಕಾಶವಿತ್ತು. ಸೋವಿಯತ್ ಒಕ್ಕೂಟಕ್ಕೆ ಅದೂ ಇರಲಿಲ್ಲ. 1941ರಲ್ಲಿ ಅದು ಕಾರ್ಖಾನೆಗಳ ಯಂತ್ರಗಳನ್ನೇ ಕಳಚಿ, ರೈಲಿಗೆ ಹೇರಿ, ಉರಾಲ್ ಕಡೆಗೆ ಸಾಗಿಸಬೇಕಾಯಿತು.

ಕಾರ್ಖಾನೆಯೊಂದೇ ಯುದ್ಧ ಗೆಲ್ಲಿಸುವುದಿಲ್ಲ ಎನ್ನುವುದಕ್ಕೆ ವಿಯೆಟ್ನಾಂ ಸಾಕ್ಷಿ. ಆದರೆ ಯುದ್ಧ ಲಂಬಿಸಿದಾಗ ಹಣವೊಂದೇ ಸಾಲದು ಎಂಬುದನ್ನು ಈಚೆಗೆ ಮತ್ತೆ ನೋಡಿದೆವು. 2022ಕ್ಕೆ ಮೊದಲು ಅಮೆರಿಕ ತಿಂಗಳಿಗೆ ಸುಮಾರು 14,000 ಫಿರಂಗಿ ಗುಂಡುಗಳನ್ನು, ಅಂದರೆ 155 ಮಿ.ಮೀ. ಗಾತ್ರದವನ್ನು, ತಯಾರಿಸುತ್ತಿತ್ತು. ಉಕ್ರೇನ್ ಯುದ್ಧದ ನಂತರ ಒಂದು ಲಕ್ಷದ ಗುರಿ ಇಟ್ಟುಕೊಂಡು ಹಣ ಸುರಿದರೂ, ಉತ್ಪಾದನೆ ಏರಲು ವರ್ಷಗಳೇ ಹಿಡಿದವು.

ಲಿಬರೇಟರ್‌ಗೆ ನಮ್ಮ ಕಡೆಯ ನಂಟೂ ಇದೆ. ಯುದ್ಧ ಮುಗಿದ ಮೇಲೆ ಬ್ರಿಟಿಷರು ಕಾನ್ಪುರದಲ್ಲಿ ಕೆಡಿಸಿ ಬಿಟ್ಟುಹೋಗಿದ್ದ ಇಂಥ ವಿಮಾನಗಳನ್ನು ಬೆಂಗಳೂರಿನ ಎಚ್‌ಎಎಲ್ ದುರಸ್ತಿ ಮಾಡಿಕೊಟ್ಟಿತು. ನಮ್ಮ ವಾಯುಪಡೆ ಅವನ್ನು 1968ರವರೆಗೆ ಹಾರಿಸಿತು. ಅದೇ ಎಚ್‌ಎಎಲ್ 2023ರಲ್ಲಿ ನಮ್ಮ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ತೆರೆದಿದೆ. ವರ್ಷಕ್ಕೆ 30 ಹೆಲಿಕಾಪ್ಟರ್‌ಗಳಿಂದ ಆರಂಭಿಸಿ ಹಂತಹಂತವಾಗಿ 90ಕ್ಕೆ ಏರಿಸುವುದು ಅದರ ಯೋಜನೆ. ಎಚ್‌ಎಂಟಿ ಗಡಿಯಾರ ಕಾರ್ಖಾನೆ ಮುಚ್ಚಿದಾಗ ಚದುರಿಹೋದಂಥ ಪಳಗಿದ ಕೈಗಳು ತುಮಕೂರಿನಲ್ಲಿ ಮತ್ತೆ ತಯಾರಾಗುತ್ತಿವೆಯೇ, ವಸಂತನರಸಾಪುರ ಕೈಗಾರಿಕಾ ಪ್ರದೇಶದ ಸಣ್ಣ ಮೆಷಿನ್ ಶಾಪ್‌ಗಳಿಗೆ ಗುಬ್ಬಿಯಿಂದ ಬಿಡಿಭಾಗಗಳ ಆರ್ಡರ್ ಬರುತ್ತಿದೆಯೇ ಎಂಬುದನ್ನು ಊರಿನಲ್ಲಿರುವವರು ಯಾರಾದರೂ ತಿಳಿಸಿದರೆ ಉಪಕಾರವಾಗುತ್ತದೆ.