ಅಜ್ಜಿ ಬಾಯಿ ಆಡ್ತಿತ್ತು, ಸದ್ದು ಬರ್ತಿರ್ಲಿಲ್ಲ

ಸಾಗರದ ಹತ್ರ ನಮ್ ದೊಡ್ಡಮ್ಮನ ಮನೇಲಿ ಈಗ್ಲೂ ಡಿವಿಡಿ ಪ್ಲೇಯರೇ. ನೆಟ್‌ವರ್ಕ್ ಸಿಗೋದು ಅಂಗಳದ ಒಂದ್ ಮೂಲೇಲಿ ಮಾತ್ರ, ವಾಟ್ಸಾಪಲ್ಲಿ ಕಳಿಸಿದ ವಿಡಿಯೋ ಸುತ್ತುತ್ತಾನೇ ಇರತ್ತೆ, ಆದ್ರೆ ಡಿಸ್ಕ್ ಹಾಕಿ ರಿಮೋಟ್ ಒತ್ತೋದು ಅವ್ರಿಗೆ ಚೆನ್ನಾಗಿ ರೂಢಿ. ಅದಕ್ಕೇ ಮನೆಯವರ ಹಳೇ ವಿಡಿಯೋಗಳನ್ನೆಲ್ಲಾ ಸೇರಿಸಿ ಒಂದ್ ಡಿವಿಡಿ ಬರ್ನ್ ಮಾಡಿ ಕಳಿಸಿದ್ದೆ. ಅದರಲ್ಲಿ ಮುಖ್ಯವಾದ್ದು 1998ರಲ್ಲಿ ಅಕ್ಕನ ಮದುವೇಲಿ ಅಜ್ಜಿ ಹಸೆಗೆ ಕರೆಯೋ ಹಾಡು ಹೇಳಿದ್ದು. ಅಜ್ಜಿ ಈಗಿಲ್ಲ, ಅವರ ಧ್ವನಿ ಇರೋದು ಆ ನಾಲ್ಕು ನಿಮಿಷದಲ್ಲಿ ಮಾತ್ರ.

ಮಾರನೇ ದಿನ ದೊಡ್ಡಮ್ಮನ ಫೋನ್. "ಮಕ್ಕಳದ್ದೆಲ್ಲಾ ಕೇಳ್ತು ಕಣೋ, ಅಮ್ಮಂದ್ ಬಂದಾಗ ಸದ್ದೇ ಇಲ್ಲ. ಬಾಯಿ ಆಡ್ತಿದೆ, ಕೈಯಲ್ಲಿ ಆರತಿ ತಟ್ಟೆ ಕಾಣ್ತಿದೆ, ಏನೂ ಕೇಳಲ್ಲ" ಅಂದ್ರು. ಅದನ್ನ ಕೇಳಿ ನಂಗೆ ತುಂಬಾ ಸಂಕಟ ಆಯ್ತು, ಯಾಕಂದ್ರೆ ಕಳಿಸೋ ಮುಂಚೆ ನನ್ ಕಂಪ್ಯೂಟರಲ್ಲಿ ವಿಎಲ್‌ಸಿ ಅನ್ನೋ ವಿಡಿಯೋ ಸಾಫ್ಟ್‌ವೇರಲ್ಲಿ ಹಾಕಿ ಪೂರ್ತಿ ನೋಡಿದ್ದೆ, ಸದ್ದು ಚೆನ್ನಾಗೇ ಇತ್ತು.

ವಿಎಲ್‌ಸಿಲಿ ಕೇಳ್ತು ಅಂದ್ರೆ ಡಿಸ್ಕ್ ಸರಿ ಇದೆ ಅಂತ ಅರ್ಥ ಅಲ್ಲ. ವಿಎಲ್‌ಸಿ ಯಾವ ಫಾರ್ಮ್ಯಾಟ್ ಕೊಟ್ರೂ ಹೇಗೋ ಓಡಿಸಿಬಿಡತ್ತೆ. ಟಿವಿ ಪಕ್ಕದ ಪ್ಲೇಯರ್ ಹಾಗಲ್ಲ, ಡಿವಿಡಿ ನಿಯಮದಲ್ಲಿ ಏನಿದೆಯೋ ಅಷ್ಟೇ. ಆಡಿಯೋ ಫಾರ್ಮ್ಯಾಟ್ ಎಸಿ3, ಎಂಪಿ2 ಅಥವಾ ಪಿಸಿಎಂ (ಕುಗ್ಗಿಸದೇ ಇಟ್ಟ ಸದ್ದು) ಆಗಿರ್ಬೇಕು, ಕೆಲವು ಡಿಸ್ಕಲ್ಲಿ ಡಿಟಿಎಸ್ ಇರತ್ತೆ. ಫೋನಲ್ಲಿ ಬರೋ ಎಎಸಿ ನಡೆಯಲ್ಲ, ಎಂಪಿ3 ಕೂಡ ನಡೆಯಲ್ಲ. ಜೊತೆಗೆ ಸ್ಯಾಂಪಲ್ ರೇಟ್, ಅಂದ್ರೆ ಸೆಕೆಂಡಿಗೆ ಎಷ್ಟು ಸಲ ಸದ್ದನ್ನ ಅಳೆದು ಬರೆದಿದೆ ಅನ್ನೋದು, 48 ಕಿಲೋಹರ್ಟ್ಸ್ ಇರ್ಬೇಕು (ಪಿಸಿಎಂಗೆ ಮಾತ್ರ 96 ಕೂಡ ಆಗತ್ತೆ), ಆಡಿಯೋ ಸಿಡಿಯ 44.1 ಇಲ್ಲಿ ಬರೋ ಹಾಗಿಲ್ಲ.

ಮೊದ್ಲು ನಾನ್ ಡಿಸ್ಕ್ ತೆಗೆದು ನೋಡಿದಾಗ ಆಡಿಯೋ_ಟಿಎಸ್ ಅನ್ನೋ ಫೋಲ್ಡರ್ ಖಾಲಿ ಇತ್ತು, ಓ ಇದೇ ಕಾರಣ ಅಂದ್ಕೊಂಡು ಒಂದ್ ಸಂಜೆ ಅದರ ಹಿಂದೇನೇ ಹೋಯ್ತು. ಅದು ಖಾಲಿ ಇರೋದೇ ಸರಿ, ಡಿವಿಡಿ-ಆಡಿಯೋ ಅನ್ನೋ ಬೇರೆ ಜಾತಿ ಡಿಸ್ಕಿಗೆ ಇರೋ ಜಾಗ ಅದು. ನಮ್ಮ ವಿಡಿಯೋದ ಸದ್ದೆಲ್ಲಾ ವಿಡಿಯೋ_ಟಿಎಸ್ ಒಳಗಿನ ವಿಒಬಿ ಫೈಲಲ್ಲಿ ಚಿತ್ರದ ಜೊತೆಗೇ ಇರತ್ತೆ.

ಆಮೇಲೆ ಫೈಲಿನ ವಿವರ ತೋರ್ಸೋ ಮೀಡಿಯಾಇನ್ಫೋದಲ್ಲಿ ಒಂದೊಂದೇ ಫೈಲ್ ತೆಗೆದು ನೋಡಿದೆ. ಮದುವೆ ಕ್ಯಾಸೆಟ್‌ನ ಹಿಂದೆ ಒಂದ್ ಅಂಗಡೀಲಿ ಕಂಪ್ಯೂಟರಿಗೆ ಹಾಕಿಸಿದ್ವಿ, ಅವ್ರು ಕೊಟ್ಟಿದ್ದು ಎಂಪೆಗ್ ಫೈಲ್, ಆಡಿಯೋ ಎಂಪಿ2, ರೇಟ್ 44.1. ಮಿಕ್ಕಿದ್ದೆಲ್ಲಾ ಫೋನ್ ಕ್ಲಿಪ್, ಅದನ್ನೆಲ್ಲಾ ಡಿವಿಡಿ ಮಾಡೋ ಸಾಫ್ಟ್‌ವೇರ್ ಡಿವಿಡಿಸ್ಟೈಲರ್ ಎಸಿ3, 48ಕ್ಕೆ ಬದಲಾಯಿಸಿತ್ತು. ಅಂಗಡಿ ಫೈಲಿಗೆ ಮಾತ್ರ ನಾನೇ ಕಾಪಿ (ಬದಲಾಯಿಸದೇ ಹಾಗೇ ಹಾಕೋದು) ಅಂತ ಆಯ್ಕೆ ಮಾಡಿದ್ದೆ, ಹೇಗಿದ್ರೂ ಎಂಪೆಗ್ ತಾನೇ, ಮತ್ತೆ ಎನ್‌ಕೋಡ್ ಮಾಡಿದ್ರೆ ಕ್ವಾಲಿಟಿ ಹೋಗತ್ತೆ ಅಂತ. ಅಲ್ಲಿಗೆ ಎರಡು ತಪ್ಪು ಒಟ್ಟಿಗೇ ಸೇರಿದ್ವು. ರೇಟ್ ತಪ್ಪು, ಅದೊಂದು. ಇನ್ನೊಂದು ಏನಂದ್ರೆ ಒಂದೇ ಟೈಟಲ್‌ಸೆಟ್ (ಡಿಸ್ಕಲ್ಲಿ ಒಟ್ಟಿಗೆ ಇಟ್ಟ ವಿಡಿಯೋಗಳ ಗುಂಪು) ಒಳಗಿನ ಕ್ಲಿಪ್ಪುಗಳಿಗೆಲ್ಲಾ ಆಡಿಯೋ ಒಂದೇ ಥರ ಇರ್ಬೇಕು, ಡಿಸ್ಕ್ ಶುರುನಲ್ಲೇ ಇಲ್ಲಿರೋದು ಎಸಿ3 ಅಂತ ಪ್ಲೇಯರಿಗೆ ಹೇಳಿರತ್ತೆ, ಮಧ್ಯದಲ್ಲಿ ಎಂಪಿ2 ಬಂದ್ರೆ ಅದು ಎಸಿ3ನೇ ಹುಡುಕ್ತಾ ಸುಮ್ನಿರತ್ತೆ. ಮಕ್ಕಳ ಕ್ಲಿಪ್ ಕೇಳಿಸಿ ಅಜ್ಜಿ ಕ್ಲಿಪ್ ಕೇಳಿಸದೇ ಇದ್ದಿದ್ದು ಇದಕ್ಕೇ.

ಸರಿ, ಆಡಿಯೋ ಮಾತ್ರ ಬೇರೆ ತೆಗೆದು ಆಡಾಸಿಟಿ ಅನ್ನೋ ಆಡಿಯೋ ಎಡಿಟರಲ್ಲಿ ಹಾಕಿದೆ. ಟ್ರ್ಯಾಕ್ ಮೆನುವಿನಲ್ಲಿ ರೇಟ್ ಅಂತ ಇತ್ತು, 44100 ಇದ್ದಿದ್ದನ್ನ 48000 ಮಾಡಿ ಪ್ಲೇ ಒತ್ತಿದೆ. ಅಜ್ಜಿ ಧ್ವನಿ ಸಣ್ಣ ಹುಡುಗಿ ಥರ ಆಗಿಬಿಟ್ಟಿತ್ತು! ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಏರಿ, ನಾಲ್ಕು ನಿಮಿಷದ ಹಾಡು 3 ನಿಮಿಷ 40 ಸೆಕೆಂಡಿಗೇ ಮುಗೀತು. ಅಲ್ಲಿ ರೇಟ್ ಬದಲಾಯಿಸಿದ್ರೆ ಅವೇ ಸ್ಯಾಂಪಲ್‌ಗಳನ್ನ ಜೋರಾಗಿ ಓಡಿಸತ್ತೆ ಅಷ್ಟೇ. ನಮಗೆ ಬೇಕಿರೋದು ಟ್ರ್ಯಾಕ್ಸ್ ಮೆನುವಿನಲ್ಲಿರೋ ರೀಸ್ಯಾಂಪಲ್, ಅದು ಲೆಕ್ಕ ಹಾಕಿ ಹೊಸ ಸ್ಯಾಂಪಲ್ ಮಾಡತ್ತೆ, ಶ್ರುತಿನೂ ಕಾಲಾನೂ ಹಾಗೇ ಉಳಿಯತ್ತೆ. ಇದೊಂದನ್ನ ದಯವಿಟ್ಟು ನೆನಪಿಟ್ಕೊಳ್ಳಿ, ಮಾತು ಇರೋ ಕ್ಲಿಪ್ಪಲ್ಲಿ ಸ್ವಲ್ಪ ವ್ಯತ್ಯಾಸ ಆದ್ರೆ ಗೊತ್ತೇ ಆಗಲ್ಲ, ತುಟಿಗೂ ಮಾತಿಗೂ ಹೊಂದಲ್ಲ ಅಂತ ಆಮೇಲೆ ಬೇರೆಲ್ಲೋ ಕಾರಣ ಹುಡುಕ್ತಾ ಇರ್ತೀರಿ.

ಹೀಗೆ ಬೇರೆ ತೆಗೆದು ಸೇರ್ಸೋದೆಲ್ಲಾ ಬೇಡ ಅಂದ್ರೆ ಫಾರ್ಮ್ಯಾಟ್ ಬದಲಾಯಿಸೋ ಎಫ್‌ಎಫ್‌ಎಂಪೆಗ್‌ನಲ್ಲಿ ಪಾಲ್ (PAL, ನಮ್ಮಲ್ಲಿನ ಟಿವಿ ಪದ್ಧತಿ) ಡಿವಿಡಿ ಅನ್ನೋ ಟಾರ್ಗೆಟ್ ಕೊಟ್ರೆ ಸಾಕು, 720 ಬೈ 576, ಸೆಕೆಂಡಿಗೆ 25 ಫ್ರೇಮ್, ಎಸಿ3, 48 ಎಲ್ಲಾ ಅದೇ ನೋಡ್ಕೊಳತ್ತೆ. ಕೊನೇಗೆ ನಾನೂ ಎಲ್ಲಾ ಕ್ಲಿಪ್ಪನ್ನೂ ಅದರಲ್ಲೇ ಒಂದೇ ಹದಕ್ಕೆ ತಂದೆ. ಪಿಸಿಎಂ ಇಡ್ಬಹುದಿತ್ತು, ಆದ್ರೆ ಸ್ಟೀರಿಯೋ ಪಿಸಿಎಂ ಅಂದ್ರೆ ಸೆಕೆಂಡಿಗೆ 1536 ಕಿಲೋಬಿಟ್, ಒಂದು ಗಂಟೆಗೆ ಹತ್ರ ಹತ್ರ 690 ಎಂಬಿ, 4.7 ಜಿಬಿ ಡಿಸ್ಕಲ್ಲಿ ಚಿತ್ರದ ಪಾಲನ್ನ ಅದೇ ತಿನ್ನತ್ತೆ. ಎಸಿ3 192ರಲ್ಲಿ ಗಂಟೆಗೆ 86 ಎಂಬಿ ಅಷ್ಟೇ, ಹಳೇ ಕ್ಯಾಸೆಟ್ ಸದ್ದಿಗೆ ಧಾರಾಳ ಆಯ್ತು.

ಫೋನ್ ಕ್ಲಿಪ್ ಒಂದ್ರಲ್ಲಿ ಸದ್ದು ಬರ್ತಾ ಬರ್ತಾ ಹಿಂದೆ ಬೀಳ್ತಿತ್ತು, ಅದು ಫೋನಿನ ಫ್ರೇಮ್ ರೇಟ್ ಒಂದೇ ಸಮ ಇಲ್ಲದೇ ಇರೋದ್ರಿಂದ. ಹ್ಯಾಂಡ್‌ಬ್ರೇಕ್ ಅನ್ನೋ ಸಾಫ್ಟ್‌ವೇರಲ್ಲಿ ಕಾನ್ಸ್ಟಂಟ್ 25 ಅಂತ ಕೊಟ್ಟು ಒಮ್ಮೆ ತೆಗೆದ್ಮೇಲೆ ಸರಿ ಹೋಯ್ತು.

ಈ ಸಲ ಸೀದಾ ಕಳಿಸ್ಲಿಲ್ಲ. ಎಲ್ಲಾ ಕ್ಲಿಪ್ಪಿಂದ ಅರ್ಧರ್ಧ ನಿಮಿಷ ತಗೊಂಡು ಅಳಿಸಿ ಮತ್ತೆ ಬರೆಯೋಕಾಗೋ ಡಿವಿಡಿ-ಆರ್‌ಡಬ್ಲ್ಯೂಗೆ ಬರೆದು, ಅಟ್ಟದ ಮೇಲಿದ್ದ ನಮ್ಮ ಹಳೇ ಪ್ಲೇಯರ್ ಇಳಿಸಿ, ಧೂಳು ಒರೆಸಿ, ಟಿವಿಗೆ ಜೋಡಿಸಿ ನೋಡಿದೆ. ಕ್ಲಿಪ್ಪಿಂದ ಕ್ಲಿಪ್ಪಿಗೆ ಹಾರುವಾಗ ಸದ್ದು ನಿಲ್ಲತ್ತಾ ಅಂತ ಅದನ್ನೇ ಗಮನ ಇಟ್ಟು ಕೇಳಿದೆ, ನಿಲ್ಲಲಿಲ್ಲ. ಆಮೇಲೇ ಅಸಲಿ ಡಿಸ್ಕ್ ಬರೆದಿದ್ದು. ಅಂಗಡಿ ಕೊಟ್ಟ ಮೂಲ ಫೈಲ್ ಹಾಗೇ ಇನ್ನೊಂದು ಹಾರ್ಡ್ ಡಿಸ್ಕಲ್ಲಿ ಇಟ್ಟಿದೀನಿ, ಅದನ್ನ ಮುಟ್ಟಲ್ಲ.

ಡಿಸ್ಕ್ ನಾನೇ ತಗೊಂಡು ಹೋದೆ. ಅಜ್ಜಿ ಹಾಡು ಶುರು ಆದಾಗ ದೊಡ್ಡಮ್ಮ ಏನೂ ಮಾತಾಡ್ಲಿಲ್ಲ, ಎರಡನೇ ನುಡಿಯಿಂದ ತಾವೂ ಜೊತೆಗೆ ಹೇಳೋಕೆ ಶುರು ಮಾಡಿದ್ರು. ಮುಗಿದ್ಮೇಲೆ ರಿಮೋಟಲ್ಲಿ ಹಿಂದಕ್ಕೆ ತಗೊಂಡು ಇನ್ನೊಂದು ಸಲ. ಈಗ ಚಿಕ್ಕಮ್ಮಂಗೂ ಒಂದು ಕಾಪಿ ಬೇಕಂತೆ, ಅವರ ಮನೇಲಿ ಯಾವ ಪ್ಲೇಯರಿದೆ ಅಂತ ಮೊದ್ಲು ಕೇಳ್ಬೇಕು.